ಮಳೆ ಬಂದರೆ ನಿದ್ದೆಯಿಲ್ಲ, ಎರಡು ಕಡೆ ತೋರಿಸಿಯೂ ಆಯಿತು. ಇನ್ನು ಯಾರ ಹತ್ತಿರ ಹೋಗಲಿ?

ಪ್ರಶ್ನೆ: ನನಗೆ 44 ವರ್ಷ. ಊರು ಕೊಡಗಿನ ಮಾದಾಪುರದ ಕಡೆ. 2018ರ ಆಗಸ್ಟ್‌ನಲ್ಲಿ ನಮ್ಮ ಮನೆ ಹಿಂದಿನ ಬರೆ, ಅಂದರೆ ಮಣ್ಣಿನ ಕಡಿದಾದ ಇಳಿಜಾರು, ಕುಸಿಯಿತು. ರಾತ್ರೋರಾತ್ರಿ ಮಗಳ ಕೈ ಹಿಡಿದು ಹೊರಟು ಬಂದೆವು. ಕೆಲವು ವಾರ ಪರಿಹಾರ ಕೇಂದ್ರದಲ್ಲಿದ್ದೆವು. ಆಗ ಎಲ್ಲರಿಗೂ ಧೈರ್ಯ ಹೇಳಿದ್ದು ನಾನೇ. ಈಗ ಎರಡು ವರ್ಷದಿಂದ ಜೂನ್ ಬಂದರೆ ನಿದ್ದೆ ಹೋಗುತ್ತದೆ. ಮರ ಮುರಿದ ಸದ್ದಿಗೆ ಬೆಚ್ಚಿ ಏಳುತ್ತೇನೆ. ಈ ವರ್ಷ ಮಳೆ ನಿಂತ ಮೇಲೂ ಸರಿಯಾಗಲಿಲ್ಲ. ಊಟ ಸೇರುವುದಿಲ್ಲ. ಯಾರ ಜೊತೆಗೂ ಮಾತು ಬೇಡ. ಒಮ್ಮೊಮ್ಮೆ ನಾನು ಇದ್ದಾದರೂ ಏನು ಪ್ರಯೋಜನ ಅನಿಸುತ್ತದೆ.

ಒಬ್ಬ ಮನೋವೈದ್ಯರಿಗೆ ತೋರಿಸಿದೆ. ಐದು ನಿಮಿಷ ನೋಡಿ ಎರಡು ಮಾತ್ರೆ ಬರೆದರು. ಹೊಟ್ಟೆ ತೊಳಸಿದ ಹಾಗೆ, ಹಗಲೆಲ್ಲ ಮಂಪರು. ಎಂಟು ದಿನಕ್ಕೆ ಬಿಟ್ಟೆ. ಮಗಳು ಬೆಂಗಳೂರಿನಿಂದ ಆನ್‌ಲೈನ್ ಕೌನ್ಸೆಲಿಂಗ್ ಬುಕ್ ಮಾಡಿಕೊಟ್ಟಳು. ಆ ಹುಡುಗಿಯ ಮಾತು ಅರ್ಧಕ್ಕರ್ಧ ಇಂಗ್ಲಿಷ್. ನಡುವೆ ನೆಟ್‌ವರ್ಕ್ ಹೋಯಿತು. ಕೊನೆಗೆ ‘ಪಾಸಿಟಿವ್ ಆಗಿ ಯೋಚಿಸಿ’ ಎಂದಳು. ಅತ್ತೆ ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸೋಣ ಎನ್ನುತ್ತಾರೆ. ಯಜಮಾನರು ಮಲಗುವ ಮೊದಲು ಸ್ವಲ್ಪ ಬ್ರಾಂದಿ ತಗೋ ಎನ್ನುತ್ತಾರೆ. ಜಿಲ್ಲಾಸ್ಪತ್ರೆಯಲ್ಲಿ ನಮ್ಮ ಸಂಬಂಧಿಕರೇ ನರ್ಸ್ ಇದ್ದಾರೆ. ಮಗಳಿಗೆ ಸಂಬಂಧ ನೋಡುತ್ತಿದ್ದೇವೆ. ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ಬೇಕಾ? ನನಗೆ ಯಾರು ಸರಿ? ಮನೆಯಲ್ಲಿ ಏನೆಂದು ಹೇಳಿ ಹೋಗಲಿ?

ಉತ್ತರ: ನಿಮ್ಮ ಪತ್ರದಲ್ಲಿ ಸುಮ್ನೆ ದಾಟಿಹೋದ ಒಂದು ಸಾಲಿದೆ. ‘ನಾನು ಇದ್ದಾದರೂ ಏನು ಪ್ರಯೋಜನ’ ಎಂದು ಬರೆದಿದ್ದೀರಿ. ಉಳಿದ ಎಲ್ಲಕ್ಕಿಂತ ಮೊದಲು ಅದರ ಬಗ್ಗೆ ಮಾತಾಡೋಣ.

ಬೇಸರ ತುಂಬ ದಿನ ಕೂತುಬಿಟ್ಟರೆ ಇಂಥ ಯೋಚನೆ ಬರುತ್ತದೆ. ನನ್ನ ಬಳಿ ಬರುವವರಲ್ಲಿ ಬಹಳ ಜನ ಇದನ್ನು ತಲೆ ತಗ್ಗಿಸಿಕೊಂಡು ಹೇಳುತ್ತಾರೆ. ತಲೆ ತಗ್ಗಿಸಬೇಕಾದ ವಿಷಯ ಇದಲ್ಲ. ಆದರೆ ಇದನ್ನು ಒಬ್ಬರೇ ಇಟ್ಟುಕೊಳ್ಳಬಾರದು. ಯಜಮಾನರಿಗೋ ಮಗಳಿಗೋ ಇವತ್ತೇ ಹೇಳಿ. ಯೋಚನೆ ಜಾಸ್ತಿಯಾದರೆ, ಹೇಗೆ ಎಂದು ಮನಸ್ಸು ಲೆಕ್ಕ ಹಾಕಲು ಶುರು ಮಾಡಿದರೆ, ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಅಥವಾ ಜೊತೆಗೆ ಒಬ್ಬರನ್ನು ಕರೆದುಕೊಂಡು ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಗಾಡಿ ಇಲ್ಲದಿದ್ದರೆ 108.

ಕೊಡಗಿನಲ್ಲಿ ಮನೋವೈದ್ಯ ವೃತ್ತಿ ಮಾಡುವ ನಾನು ಇನ್ನೊಂದು ಮಾತನ್ನೂ ಹೇಳಲೇಬೇಕು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕೋವಿ ಇದೆ. ಆಯುಧಗಳ ಹಬ್ಬವಾದ ಕೈಲ್ ಮುಹೂರ್ತಕ್ಕೆ ಹೂವಿಟ್ಟು ಪೂಜೆ ಮಾಡುವ ಕೋವಿ ಅದು. ಅದರ ಗೌರವಕ್ಕೆ ನಾನು ಅಡ್ಡ ಬರುವುದಿಲ್ಲ. ಆದರೆ ಮನೆಯಲ್ಲಿ ಒಬ್ಬರ ಮನಸ್ಸು ಕುಸಿದಿರುವಾಗ ಕೋವಿಯೂ ತೋಟದ ಕೀಟನಾಶಕವೂ ಕೈಗೆ ಸಿಗುವ ಜಾಗದಲ್ಲಿ ಇರಬಾರದು. ಯಜಮಾನರು ಅವನ್ನು ಬೀಗ ಹಾಕಿ ಇಡಲಿ, ಕೀಲಿ ತಾವೇ ಇಟ್ಟುಕೊಳ್ಳಲಿ. ಕೋವಿಯನ್ನು ಕೆಲವು ತಿಂಗಳು ಬೇರೆ ಕಡೆ ಇಡುವುದು ಇನ್ನೂ ಒಳ್ಳೆಯದು. ಎಲ್ಲಿ, ಹೇಗೆ ಎಂದು ಪೊಲೀಸ್ ಠಾಣೆಯಲ್ಲಿ ಕೇಳಿದರೆ ತಿಳಿಯುತ್ತದೆ. ಅಂಥ ಯೋಚನೆಯ ತೀವ್ರ ಗಳಿಗೆ ಹೆಚ್ಚಾಗಿ ಸ್ವಲ್ಪ ಹೊತ್ತಿನದು. ಆ ಹೊತ್ತು ದಾಟಿಬಿಟ್ಟರೆ ಜೀವ ಉಳಿಯುತ್ತದೆ. ಹಾಗಾಗಿ ಒಂದು ಬೀಗಕ್ಕೂ ಅಷ್ಟು ಬೆಲೆ.

ಇನ್ನು ನಿಮಗೆ ಏನಾಗಿದೆ ಎಂಬುದು. ನಿಮ್ಮನ್ನು ನೋಡದೆ ರೋಗದ ಹೆಸರು ಇಡುವುದು ತಪ್ಪು. ಆದರೂ ನೀವು ಬರೆದ ಬಗೆ ನನಗೆ ಚೆನ್ನಾಗಿ ಪರಿಚಯ. 2018ರ ನಂತರ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಕಡೆಯವರಿಂದ ಇದೇ ಮಾತು ಕೇಳಿದ್ದೇನೆ. ಆ ಹೊತ್ತಿಗೆ ಗಟ್ಟಿಯಾಗಿ ನಿಂತವರು, ಅಡುಗೆ ಮಾಡಿ ಬಡಿಸಿದವರು, ಪರಿಹಾರದ ಅರ್ಜಿಗೆ ಕಚೇರಿ ಅಲೆದವರು ವರ್ಷಗಳ ನಂತರ ಕುಸಿಯುತ್ತಾರೆ. ‘ಆಗ ಆಗದ್ದು ಈಗ ಯಾಕೆ’ ಎಂದು ಮನೆಯವರಿಗೆ ಅರ್ಥವಾಗುವುದಿಲ್ಲ. ಆಘಾತದ ಲಕ್ಷಣ ತಡವಾಗಿ ಪೂರ್ತಿ ಕಾಣಿಸಿಕೊಳ್ಳುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ಆಗ ಮಗಳನ್ನು ನೋಡಿಕೊಳ್ಳುವ ಕೆಲಸ ನಿಮ್ಮನ್ನು ಹಿಡಿದು ನಿಲ್ಲಿಸಿತ್ತು. ಈಗ ಮಗಳು ಬೆಂಗಳೂರಿನಲ್ಲಿದ್ದಾಳೆ. ಮನೆ ಖಾಲಿ, ಹೊರಗೆ ಮಳೆ.

ಅಪಾಯ ಕಂಡ ಮೆದುಳು ಆ ಹೊತ್ತಿನ ಸದ್ದು, ವಾಸನೆ, ಕತ್ತಲು ಎಲ್ಲವನ್ನೂ ಒಟ್ಟಿಗೆ ಗಂಟು ಕಟ್ಟಿ ಇಟ್ಟುಕೊಳ್ಳುತ್ತದೆ. ಮುಂದೆ ಅದರಲ್ಲಿ ಒಂದು ತುಣುಕು ಬಂದರೂ ಸಾಕು, ಇಡೀ ದೇಹ ಓಡಲು ಸಿದ್ಧವಾಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕಿವಿ ಚುರುಕಾಗುತ್ತದೆ, ನಿದ್ದೆ ಹಾರುತ್ತದೆ. ನಾಲ್ಕು ತಿಂಗಳು ಹೀಗೆ ನಿದ್ದೆಗೆಟ್ಟರೆ ಮನಸ್ಸು ಖಿನ್ನತೆಗೆ ಜಾರಬಹುದು. ಊಟ ಸೇರದಿರುವುದು, ಮಾತು ಬೇಡವಾಗಿರುವುದು ಅದರ ಗುರುತು ಇರಬಹುದು. ಇದಕ್ಕೂ ಧೈರ್ಯಕ್ಕೂ ಸಂಬಂಧವಿಲ್ಲ.

ಜೊತೆಗೆ ಒಂದು ರಕ್ತಪರೀಕ್ಷೆ ಮಾಡಿಸಿ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ. 44ರಲ್ಲಿ ಮುಟ್ಟು ನಿಲ್ಲುವ ಮೊದಲಿನ ಏರುಪೇರಿನಿಂದಲೂ ನಿದ್ದೆ ಕೆಡುತ್ತದೆ. ಥೈರಾಯ್ಡ್ ಕಡಿಮೆಯಾದಾಗ ಬರುವ ಸುಸ್ತು, ಬೇಸರ ಖಿನ್ನತೆಯ ಹಾಗೇ ಕಾಣುತ್ತದೆ. ಇದನ್ನು ನೋಡದೆ ಮನಸ್ಸಿನ ಮೇಲೆಯೇ ಎಲ್ಲ ಹಾಕುವುದು ಸರಿಯಲ್ಲ.

ಈಗ ಆ ಎರಡು ಮಾತ್ರೆಗಳ ವಿಷಯ. ಚೀಟಿ ನಾನು ನೋಡಿಲ್ಲ. ಆದರೆ ಸಾಮಾನ್ಯವಾಗಿ ಒಂದು ಖಿನ್ನತೆ-ಆತಂಕಕ್ಕೆ ಕೊಡುವ ಮಾತ್ರೆ ಇರುತ್ತದೆ. ಎಸಿಟಲೋಪ್ರಾಮ್, ಸರ್ಟ್ರಾಲಿನ್ ಈ ಗುಂಪಿನವು. ಇನ್ನೊಂದು ನಿದ್ದೆಗೆ, ಕ್ಲೋನಾಜೆಪಾಮ್‌ನಂಥದ್ದು. ಮೊದಲನೆಯದು ಮೊದಲ ವಾರ, ಹತ್ತು ದಿನ ಹೊಟ್ಟೆ ತೊಳಸುತ್ತದೆ, ಕೆಲವರಿಗೆ ಚಡಪಡಿಕೆಯೂ ಜಾಸ್ತಿಯಾಗುತ್ತದೆ. ಗುಣ ಕಾಣಲು 2ರಿಂದ 6 ವಾರ ಬೇಕು. ಅಂದರೆ ನೀವು ತೊಂದರೆಯನ್ನು ಪೂರ್ತಿ ಅನುಭವಿಸಿ, ಉಪಯೋಗ ಶುರುವಾಗುವ ಮೊದಲೇ ಬಿಟ್ಟಿರಿ. ತಪ್ಪು ನಿಮ್ಮದಲ್ಲ. ಇಷ್ಟನ್ನು ನಿಮಗೆ ಮೊದಲೇ ಹೇಳಬೇಕಿತ್ತು. ಹೊಸದಾಗಿ ಕೆಲಸ ಶುರು ಮಾಡಿದ ಕಾಲದಲ್ಲಿ ನಾನೂ ಹೊರಗಿನ ಸಾಲು ನೋಡಿ ಇದನ್ನು ಹೇಳದೆ ಕಳಿಸಿದ್ದೇನೆ. ಅವರಲ್ಲಿ ಕೆಲವರು ಮತ್ತೆ ಬರಲಿಲ್ಲ. ಅದು ನನಗೆ ಇವತ್ತಿಗೂ ನೋವಿನ ವಿಷಯ.

ಈ ಮಾತ್ರೆ ಚಟವಾಗುತ್ತದೆ ಎನ್ನುವ ಭಯ ಊರೆಲ್ಲ ಇದೆ. ಖಿನ್ನತೆಯ ಮಾತ್ರೆ ಹೆಂಡದ ಹಾಗೆ ಚಟ ಹಿಡಿಸುವುದಿಲ್ಲ. ಆದರೆ ತಿಂಗಳುಗಟ್ಟಲೆ ತೆಗೆದುಕೊಂಡು ಒಂದೇ ದಿನ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಬರುತ್ತದೆ. ಅದಕ್ಕೇ ನಿಧಾನವಾಗಿ ಕಡಿಮೆ ಮಾಡುತ್ತೇವೆ. ನಿದ್ದೆ ಮಾತ್ರೆಯ ವಿಷಯದಲ್ಲಿ ನಿಮ್ಮ ಭಯಕ್ಕೆ ಅರ್ಥವಿದೆ. ಅಲ್ಪ್ರಜೋಲಾಮ್, ಕ್ಲೋನಾಜೆಪಾಮ್ ಕೆಲವೇ ವಾರಗಳಿಗೆ ಸರಿ. ಅದನ್ನೇ ಮೆಡಿಕಲ್ ಶಾಪಿನಲ್ಲಿ ಕೇಳಿ ಕೇಳಿ ತರಿಸಿಕೊಂಡರೆ ದೇಹ ಅದಕ್ಕೆ ಒಗ್ಗಿಹೋಗುತ್ತದೆ. ಆಘಾತದಿಂದ ಬಂದ ಭಯವನ್ನು ಅದು ಗುಣವೂ ಮಾಡುವುದಿಲ್ಲ. ‘ಇದು ಎಷ್ಟು ದಿನಕ್ಕೆ’ ಎಂದು ವೈದ್ಯರನ್ನು ನೇರವಾಗಿ ಕೇಳಿ.

ಜೀವನಪೂರ್ತಿ ಬೇಕಾ ಎಂದು ಕೇಳಿದ್ದೀರಿ. ಮೊದಲ ಸಲ ಬಂದ ತೊಂದರೆಯಾದರೆ, ಚೆನ್ನಾಗಿ ಆದ ಮೇಲೆ ಇನ್ನೂ 6 ತಿಂಗಳಿಂದ 1 ವರ್ಷ ಮುಂದುವರಿಸಿ, ಆಮೇಲೆ ಇಳಿಸುತ್ತೇವೆ. ಪದೇ ಪದೇ ಮರಳಿ ಬರುವವರಿಗೆ ಹೆಚ್ಚು ಕಾಲ ಬೇಕಾಗುತ್ತದೆ. ನಿಮ್ಮ ಮಟ್ಟಿಗೆ ನಾನು ಒಂದು ಎಚ್ಚರ ಸೇರಿಸುತ್ತೇನೆ. ಮಾತ್ರೆ ಬಿಡಿಸುವ ಕಾಲ ಬಂದಾಗ ಮೇ, ಜೂನ್‌ನಲ್ಲಿ ಬಿಡಿಸಬೇಡಿ ಎಂದು ವೈದ್ಯರಿಗೆ ಹೇಳಿ. ಮಳೆಗಾಲ ಕಳೆದ ಮೇಲೆ ಇಳಿಸಲಿ. ಹೊರಗಿನಿಂದ ಬಂದ ವೈದ್ಯರಿಗೆ ನಿಮ್ಮ ಮಳೆಯ ಲೆಕ್ಕ ಗೊತ್ತಿರುವುದಿಲ್ಲ.

ಯಜಮಾನರ ಬ್ರಾಂದಿ ಸಲಹೆ ಬೇಡ. ಅವರು ಪ್ರೀತಿಯಿಂದಲೇ ಹೇಳಿರುತ್ತಾರೆ. ಹೆಂಡ ಬೇಗ ನಿದ್ದೆ ಬರಿಸುತ್ತದೆ, ನಿಜ. ಆದರೆ ನಡುರಾತ್ರಿಯ ನಂತರ ಅದೇ ನಿದ್ದೆಯನ್ನು ಒಡೆಯುತ್ತದೆ. ನೀವು ಎರಡು ಗಂಟೆಗೆ ಎದ್ದು ಮಳೆ ಕೇಳುತ್ತಾ ಕೂರುತ್ತೀರಿ. ನಿದ್ದೆ ಮಾತ್ರೆಯ ಜೊತೆ ಸೇರಿದರೆ ಉಸಿರಾಟಕ್ಕೇ ಅಪಾಯ.

ಈಗ ಯಾರ ಹತ್ತಿರ ಎಂಬ ಮುಖ್ಯ ಪ್ರಶ್ನೆ. ಎರಡು ಕಡೆ ಹೋಗಿ ಬಂದು ‘ನನಗೆ ಚಿಕಿತ್ಸೆ ಹಿಡಿಸುವುದಿಲ್ಲ’ ಎಂಬ ತೀರ್ಮಾನಕ್ಕೆ ಬಂದಿದ್ದೀರಿ ಅನಿಸುತ್ತದೆ. ನಾನು ಹಾಗೆ ನೋಡುವುದಿಲ್ಲ. ನಿಮಗೆ ಬೇಕಾದ್ದು ಎರಡು: ಖಿನ್ನತೆಗೆ ಔಷಧಿ, ಆಘಾತಕ್ಕೆ ಮಾತಿನ ಚಿಕಿತ್ಸೆ. ಔಷಧಿ ವಿವರಣೆಯಿಲ್ಲದೆ ಸಿಕ್ಕಿತು. ಮಾತು ನಿಮ್ಮದಲ್ಲದ ಭಾಷೆಯಲ್ಲಿ ಸಿಕ್ಕಿತು. ಎರಡೂ ಸರಿಯಾಗಿ ಇನ್ನೂ ಶುರುವೇ ಆಗಿಲ್ಲ.

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು. ಮಾತ್ರೆ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಕೊಡುವುದಿಲ್ಲ, ಮಾತಿನ ಚಿಕಿತ್ಸೆ ಅವರ ಕಸುಬು. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಮಾಡಿಸಿರಬೇಕು. ಸಂಖ್ಯೆ ಕೇಳುವುದು ನಿಮ್ಮ ಹಕ್ಕು. ಕೌನ್ಸೆಲರ್ ಎಂಬ ಬೋರ್ಡಿನ ಹಿಂದೆ ಒಳ್ಳೆಯ ತರಬೇತಿ ಪಡೆದವರೂ ಇದ್ದಾರೆ, ವಾರಾಂತ್ಯದ ಕೋರ್ಸ್ ಮುಗಿಸಿದವರೂ ಇದ್ದಾರೆ. ಸಾಮಾನ್ಯ ಚಿಂತೆಗೆ ಅವರಿಂದ ಸಹಾಯವಾಗಬಹುದು. ನಿಮ್ಮ ತೊಂದರೆ ಅದಕ್ಕಿಂತ ಆಳದ್ದು. ಆನ್‌ಲೈನ್ ಎಂಬುದೇ ಕೆಟ್ಟದ್ದೆಂದು ತಿಳಿಯಬೇಡಿ. ಕನ್ನಡ ಬಲ್ಲ, ಆಘಾತದ ಚಿಕಿತ್ಸೆ ಕಲಿತ ಸೈಕಾಲಜಿಸ್ಟ್ ವಿಡಿಯೋದಲ್ಲಿ ಸಿಕ್ಕರೆ ಚೆನ್ನಾಗಿ ಕೆಲಸವಾಗುತ್ತದೆ.

ಭಾಷೆ ಸಣ್ಣ ವಿಷಯ ಅಲ್ಲ. ಮನೆಯಲ್ಲಿ ಅರೆಭಾಷೆಯೋ ಕೊಡವ ತಕ್ಕೋ ಆಡುವವರು ಭಯವನ್ನು ಕನ್ನಡಕ್ಕೆ ತರುವಾಗಲೇ ಅರ್ಧ ಕಳೆದುಕೊಳ್ಳುತ್ತಾರೆ. ಇಂಗ್ಲಿಷಿಗೆ ತಂದರೆ ಏನು ಉಳಿಯುತ್ತದೆ? ನನ್ನ ಬಳಿ ಬಂದ ಎಷ್ಟೋ ಜನ ಆ ರಾತ್ರಿಯ ಮಾತು ಬಂದಾಗ ತಾವಾಗಿಯೇ ಮನೆಮಾತಿಗೆ ತಿರುಗಿದ್ದಾರೆ. ನಾನು ತಡೆಯುವುದಿಲ್ಲ. ಅರ್ಥವಾಗದ ಪದ ಆಮೇಲೆ ಕೇಳಿಕೊಳ್ಳುತ್ತೇನೆ.

ಆಘಾತಕ್ಕೆ ಮಾಡುವ ಮಾತಿನ ಚಿಕಿತ್ಸೆ ಹೆಚ್ಚಾಗಿ ವಾರಕ್ಕೊಮ್ಮೆ, 8ರಿಂದ 12 ಸಲ. ಅದರಲ್ಲಿ ‘ಪಾಸಿಟಿವ್ ಆಗಿ ಯೋಚಿಸಿ’ ಎಂಬುದು ಇಲ್ಲ. ಆ ರಾತ್ರಿಯನ್ನು ಸುರಕ್ಷಿತ ಜಾಗದಲ್ಲಿ ಕೂತು, ನಿಮ್ಮ ವೇಗದಲ್ಲಿ, ಸ್ವಲ್ಪ ಸ್ವಲ್ಪವೇ ಬಿಡಿಸಿ ನೋಡುತ್ತೀರಿ. ಗಂಟು ಕಟ್ಟಿದ ಮಳೆಯ ಸದ್ದು ಮತ್ತು ಕುಸಿತ ಬೇರೆ ಬೇರೆಯಾಗುತ್ತಾ ಹೋಗುತ್ತವೆ. ಇದರಲ್ಲೂ ಕಷ್ಟವಿದೆ. ಮೊದಲ ಎರಡು ಮೂರು ವಾರ ಕನಸು ಜಾಸ್ತಿಯಾಗಬಹುದು. ಅದು ಗೊತ್ತಿಲ್ಲದೆ ಹಲವರು ನಡುವೆಯೇ ಬಿಡುತ್ತಾರೆ.

ಕೊಡಗಿನವರಿಗೆ ಈ ಚಿಕಿತ್ಸೆ ಮಾಡುವವರು ಒಂದು ಮಾತು ಅರಿತಿರಬೇಕು. ರಸ್ತೆ ಅಪಘಾತ ಆದವರಿಗೆ ‘ಅದು ಮುಗಿದುಹೋಯಿತು’ ಎನ್ನಬಹುದು. ನಿಮಗೆ ಹಾಗೆ ಹೇಳಲಾಗದು. 2018ರ ನಂತರ 2019ರಲ್ಲಿ ಕೋರಂಗಾಲದಲ್ಲಿ ಗುಡ್ಡ ಕುಸಿಯಿತು, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿಯಿತು. ಪ್ರತಿ ವರ್ಷ ರೆಡ್ ಅಲರ್ಟ್ ಬರುತ್ತದೆ. ನಿಮ್ಮ ಭಯದಲ್ಲಿ ಒಂದು ಪಾಲು ನಿಜವಾದ ಎಚ್ಚರ. ಆ ಪಾಲು ಉಳಿಯಲಿ. ಬರೆಯಲ್ಲಿ ಬಿರುಕು ಕಂಡಾಗ, ತೋಡಿನ ನೀರು ಕೆಂಪಾದಾಗ, ಮನೆ ಬಿಡಿ ಎಂದು ಸೂಚನೆ ಬಂದಾಗ ಹೆದರಿ ಹೊರಡಬೇಕು. ನವೆಂಬರ್‌ನ ತಿಳಿ ರಾತ್ರಿಯಲ್ಲಿ ಕೊಂಬೆ ಮುರಿದಾಗ ನಿದ್ದೆ ಮುಂದುವರಿಯಬೇಕು. ನಾವು ಹೋಗಬೇಕಾದ್ದು ಅಲ್ಲಿಗೆ. ಮೊದಲ ಭೇಟಿಯಲ್ಲೇ ಇದನ್ನು ಹೇಳಿ. ಕೇಳಿದವರು ತಲೆಯಾಡಿಸಿ ಇನ್ನೊಂದು ಪ್ರಶ್ನೆ ಕೇಳಿದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ‘ಸುಮ್ನೆ ಹೆದರುತ್ತೀರಿ’ ಎಂದರೆ ಬೇರೆಯವರನ್ನು ನೋಡಿ.

ಶುರು ಎಲ್ಲಿಂದ? ಇವತ್ತು ಸಂಜೆಯೇ ಆಗುವುದು ಟೆಲಿ ಮನಸ್, 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಮೊದಲು ಸಲಹೆಗಾರರು ಕೇಳಿಸಿಕೊಳ್ಳುತ್ತಾರೆ, ಬೇಕಿದ್ದರೆ ಮನೋವೈದ್ಯರಿಗೆ ಜೋಡಿಸುತ್ತಾರೆ. ತೋಟದ ಮೂಲೆಯಲ್ಲಿ ನಿಂತು ಮಾತಾಡಿದರೂ ಆಯಿತು. ಆದರೆ ಪ್ರತಿ ಸಲ ಅದೇ ವ್ಯಕ್ತಿ ಸಿಗುತ್ತಾರೆ ಎಂದಿಲ್ಲ. 12 ವಾರದ ಚಿಕಿತ್ಸೆಗೆ ಅದು ಸಾಲದು.

ಮಡಿಕೇರಿಯ ಜಿಲ್ಲಾಸ್ಪತ್ರೆ ಈಗ ವೈದ್ಯಕೀಯ ಕಾಲೇಜಿಗೆ ಸೇರಿದ್ದು. ಹತ್ತಿರ, ಖರ್ಚು ಕಡಿಮೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆ ಸೈಕಾಲಜಿಸ್ಟ್, ಸಮಾಜ ಕಾರ್ಯಕರ್ತರು ಇರಬೇಕೆಂಬ ನಿಯಮವಿದೆ. ಬಹಳ ಜನ ವೈದ್ಯರನ್ನು ನೋಡಿ ಹಾಗೇ ಹೊರಟುಬಿಡುತ್ತಾರೆ. ‘ಮಾತಾಡಿ ಚಿಕಿತ್ಸೆ ಕೊಡುವವರು ಯಾವ ದಿನ ಸಿಗುತ್ತಾರೆ’ ಎಂದು ಕೇಳಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ನಿಗದಿತ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೂ ಬರುತ್ತಾರೆ. ಸೋಮವಾರಪೇಟೆಗೆ ಯಾವ ಮಂಗಳವಾರ ಎಂದು ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಳ್ಳಿ.

ಸಂಬಂಧಿಕರ ಕಣ್ಣಿಗೆ ಬೀಳುವ ಚಿಂತೆಯನ್ನು ನಾನು ಹಗುರ ಮಾಡುವುದಿಲ್ಲ. ನಮ್ಮದು ಸಣ್ಣ ಜಿಲ್ಲೆ. ಮಾತು ಹೋಗುತ್ತದೆ. ಕಾನೂನು ನಿಮ್ಮ ಕಡೆ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಎನ್ನುತ್ತದೆ. ನರ್ಸ್ ಆದವರು ಮನೆಯಲ್ಲಿ ಹೇಳುವ ಹಾಗಿಲ್ಲ. ಆದರೂ ಸಾಲಿನಲ್ಲಿ ನಿಂತಿದ್ದನ್ನು ಕಂಡವರ ಬಾಯಿಗೆ ಕಾಯ್ದೆ ಬೀಗ ಹಾಕುವುದಿಲ್ಲ. ಆ ಅಳುಕೇ ನಿಮ್ಮನ್ನು ಮನೆಯಲ್ಲಿ ಕೂರಿಸುವುದಾದರೆ ಬೇರೆ ಊರಿಗೆ ಹೋಗಿ. ಅದರಲ್ಲಿ ತಪ್ಪೇನಿಲ್ಲ.

ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ ಎರಡರಲ್ಲೂ ಮನೋವೈದ್ಯ ವಿಭಾಗವಿದೆ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಒಂದು ಸಲ ಹೋಗಬಹುದು, ಹನ್ನೆರಡು ವಾರ ಕಾಫಿ ಕೊಯ್ಲಿನ ನಡುವೆ ಹೋಗಲಾಗದು. ನಿಮಗೆ ಬೆಂಗಳೂರಿನಲ್ಲಿ ಮಗಳಿದ್ದಾಳೆ ಅಲ್ವಾ? ನಾನು ನಿಮ್ಮ ಜಾಗದಲ್ಲಿದ್ದರೆ ಹತ್ತು ದಿನ ಅವಳ ಜೊತೆ ಇದ್ದು ಬರುತ್ತಿದ್ದೆ. ನಿಮ್ಹಾನ್ಸ್‌ನಲ್ಲಿ ಒಮ್ಮೆ ಪೂರ್ತಿ ತೋರಿಸಬಹುದು. ಬೆಳಗ್ಗೆ ಬೇಗ ಹೋಗಬೇಕು, ಇಡೀ ದಿನ ಬೇಕು. ಅಲ್ಲಿ ಔಷಧಿ ಗೊತ್ತಾದ ಮೇಲೆ, ಅದೇ ಚೀಟಿ ಹಿಡಿದು ಊರಿನ ಹತ್ತಿರದ ಮನೋವೈದ್ಯರಲ್ಲಿ ಮುಂದುವರಿಸಿ. ಮಾತಿನ ಚಿಕಿತ್ಸೆಯನ್ನು ವಿಡಿಯೋದಲ್ಲಿ ಮುಂದುವರಿಸಲು ಆಗುತ್ತದಾ ಎಂದು ಕೇಳಿ. ನೆಟ್‌ವರ್ಕ್ ಬರುವ ಒಂದು ಕೋಣೆ ಎಲ್ಲಿದೆ ನೋಡಿಕೊಳ್ಳಿ, ಸಂಬಂಧಿಕರ ಮನೆಯಾದರೂ ಸರಿ. ಕಟ್ಟಾದರೆ ಮತ್ತೆ ಯಾರು ಕರೆಯುವುದು ಎಂದು ಮೊದಲೇ ಮಾತಾಡಿಕೊಳ್ಳಿ. ಈಗ ಹಿಡಿದರೆ ಏಪ್ರಿಲ್ ಹೊತ್ತಿಗೆ ಹನ್ನೆರಡು ಭೇಟಿ ಮುಗಿಯುತ್ತವೆ. ಕೊಯ್ಲು ಮುಗಿಯಲಿ ಎಂದು ಕಾದರೆ ನಡುವೆ ಮಳೆ ಬಂದುಬಿಡುತ್ತದೆ.

ಖಾಸಗಿಯಲ್ಲಿ ತೋರಿಸುವುದಾದರೆ ವಿಮೆ ಇದೆಯಾ ನೋಡಿ. ದೇಹದ ಕಾಯಿಲೆಗೆ ಇರುವ ಹಾಗೇ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕೆಂದು ಅದೇ ಕಾಯ್ದೆ ಹೇಳುತ್ತದೆ.

ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಯಾವಾಗ ಶುರು, ರಾತ್ರಿ ಎಷ್ಟು ನಿದ್ದೆ, ಹಿಂದಿನ ಮಾತ್ರೆಯ ಹೆಸರು, ಅದರಿಂದ ಏನಾಯಿತು, ಮತ್ತು ಆ ‘ಇದ್ದಾದರೂ ಏನು’ ಎಂಬ ಸಾಲು. ಐದೇ ನಿಮಿಷ ಸಿಕ್ಕರೂ ಆ ಹಾಳೆ ಕೆಲಸ ಮಾಡುತ್ತದೆ. ಮೂರು ನಾಲ್ಕು ಸಲ ಹೋದ ಮೇಲೂ ಹೊಂದಿಕೆಯಾಗದಿದ್ದರೆ ವೈದ್ಯರಿಗೇ ಹೇಳಿ. ‘ಡಾಕ್ಟ್ರೇ, ಈ ಮಾತ್ರೆಯಿಂದ ನನಗೆ ಕೆಲಸ ಮಾಡಲು ಆಗುತ್ತಿಲ್ಲ, ಬೇರೆ ದಾರಿ ಇದೆಯಾ?’ ಇಷ್ಟು ಸಾಕು. ಹೇಳಿದರೆ ನಾವು ಪ್ರಮಾಣ ಇಳಿಸುತ್ತೇವೆ, ರಾತ್ರಿಗೆ ಬದಲಿಸುತ್ತೇವೆ, ಬೇರೆ ಮಾತ್ರೆ ಕೊಡುತ್ತೇವೆ. ಸುಮ್ಮನೆ ಬಿಟ್ಟುಹೋದವರಿಗೆ ಏನೂ ಮಾಡಲಾಗುವುದಿಲ್ಲ.

ಅತ್ತೆಯವರ ಪ್ರಶ್ನೆ ಇಡಿಸುವ ಮಾತಿಗೆ ಜಗಳ ಬೇಡ. ಹಿರಿಯರಿಗೆ ಎಡೆ ಇಡುವುದರಿಂದ, ದೇವಸ್ಥಾನಕ್ಕೆ ಹೋಗಿ ಬರುವುದರಿಂದ ಮನಸ್ಸು ಹಗುರವಾದರೆ ಮಾಡಿ. ನಿಮ್ಮನ್ನು ಅವರು ಕೈಬಿಟ್ಟಿಲ್ಲ ಎಂಬುದಕ್ಕೆ ಅದೂ ಒಂದು ಗುರುತು. ಆದರೆ ಮಾತ್ರೆ ಬಿಡಿ ಎಂದರೆ, ಸಾವಿರಗಟ್ಟಲೆ ದುಡ್ಡು ಕೇಳಿದರೆ, ಉಪವಾಸ ಕೂರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಮಗಳ ಸಂಬಂಧದ ಬಗ್ಗೆ ನೀವು ಹೆದರಿರುವುದು ಸಹಜ. ಅಮ್ಮ ನಿದ್ದೆಗೆ ಮಾತ್ರೆ ತಗೊಂಡಳು ಎಂಬ ಮಾತಿಗಿಂತ, ಅಮ್ಮ ಮದುವೆಯ ಹೊತ್ತಿಗೆ ಎದ್ದು ಓಡಾಡುವ ಹಾಗಿರುವುದು ಅವಳಿಗೆ ಮುಖ್ಯ. ಅವಳನ್ನೇ ಕೇಳಿ ನೋಡಿ. ಕೌನ್ಸೆಲಿಂಗ್ ಬುಕ್ ಮಾಡಿದ್ದು ಅವಳೇ ಅಲ್ವಾ?

ಮನೆಯಲ್ಲಿ ಏನು ಹೇಳಲಿ ಎಂದಿರಿ. ಯಜಮಾನರಿಗೆ ಎಲ್ಲ ಹೇಳಿ, ಕೀಲಿ ಅವರ ಬಳಿ ಇರಬೇಕಾದ್ದರಿಂದ. ಅತ್ತೆಯವರಿಗೆ, ‘ಬರೆ ಬಿದ್ದ ರಾತ್ರಿಯ ನೆನಪಿಗೆ ಈಗ ನಿದ್ದೆ ಸರಿಯಿಲ್ಲ, ಅದಕ್ಕೆ ಔಷಧಿ ತರಲು ಹೋಗುತ್ತೇನೆ’ ಎಂದರೆ ಸಾಕು. ಅದರಲ್ಲಿ ಸುಳ್ಳಿಲ್ಲ. ಆ ರಾತ್ರಿ ಅವರೂ ಆ ಮನೆಯಲ್ಲಿ ಇದ್ದಿದ್ದರೆ, ಅವರ ನಿದ್ದೆ ಹೇಗಿದೆ ಎಂದು ಒಮ್ಮೆ ಕೇಳಿ.